ರೇಸ್ ಕಾರಿನ ಮೈಮೇಲಿನ ಹೆಸರುಗಳು: ಸ್ಟಿಕ್ಕರ್ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸ್ಟಿಕ್ಕರ್ ಅಂಗಡಿ. ಪಿಕಪ್ ಗಾಜಿಗೆ ಮನೆದೇವರ ಹೆಸರು, ಬುಲೆಟ್ ಟ್ಯಾಂಕಿಗೆ ಗೆರೆ, ನಂಬರ್ ಪ್ಲೇಟು, ಇದೇ ದಿನದ ಅನ್ನ. ಕಾರ್ ರ‍್ಯಾಲಿ ಬಂತೆಂದರೆ ಮಾತ್ರ ಎರಡು ರಾತ್ರಿ ಶಟರ್ ಇಳಿಸುವ ಹಾಗಿಲ್ಲ. ಕಾರಿಗೆ ಅಂಟಿಸುವಾಗ ಸುತ್ತ ನಿಂತ ತೋಟದವರು, ಕಾಲೇಜು ಹುಡುಗರು, ಫೋನಿನಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ನೋಡುವ ಗಿರಾಕಿಗಳು ಕೇಳಿದ್ದನ್ನೇ ಕೇಳುತ್ತಾರೆ. ಕೆಲವರು ರಾತ್ರಿ ಹನ್ನೊಂದಕ್ಕೆ ವಾಟ್ಸ್ಯಾಪಿನಲ್ಲೂ ಕೇಳುತ್ತಾರೆ. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಶುರುವಿನ ಪ್ರಶ್ನೆಗಳು

ಜಾತ್ರೆ ಫ್ಲೆಕ್ಸಲ್ಲಿ ಹೆಸರು ಹಾಕಿಸಿದ ಹಾಗೇ ತಾನೆ ಇದೂ? ಅದಕ್ಕೆ ಕೋಟಿಗಟ್ಟಲೆ ಯಾಕೆ ಕೊಡ್ತಾರೆ?

ಫ್ಲೆಕ್ಸಿಗೆ ದುಡ್ಡು ಕೊಡುವವರಲ್ಲಿ ಎರಡು ಜಾತಿ. ಒಬ್ಬರು ತೀರಿಕೊಂಡ ಅಪ್ಪನ ಸ್ಮರಣಾರ್ಥ ಕೊಡುತ್ತಾರೆ, ಅವರಿಗೆ ವಾಪಸ್ ಏನೂ ಬೇಡ. ಇನ್ನೊಬ್ಬರದು ಗೊಬ್ಬರದ ಅಂಗಡಿ. ಜೋಡೆತ್ತಿನ ಗಾಡಿ ಓಟ ನೋಡಲು ಬಂದ ರೈತರ ಕಣ್ಣಿಗೆ ಬೀಳಬೇಕು ಅಂತ ಕೊಡುತ್ತಾರೆ. ಮೊದಲನೆಯದು ದಾನ, ಎರಡನೆಯದು ಪ್ರಾಯೋಜಕತ್ವ. ರೇಸಿಂಗಿನಲ್ಲಿ ದಾನ ಇಲ್ಲವೇ ಇಲ್ಲ.

ಕೋಟಿ ಯಾಕೆ ಅಂದರೆ, ಸಚಿನ್ ಬ್ಯಾಟಿನ ಮೇಲೆ ಎಂಆರ್‌ಎಫ್ ಅಂತ ಇತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಟೈರ್ ಮಾಡುವ ಕಂಪನಿ ಅದು. ಆದರೂ ನಮ್ಮಣ್ಣ ಈ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಹುಡುಗರು ಸಾಲಾಗಿ ಬಂದು ‘ಅಣ್ಣ, ಬ್ಯಾಟಿಗೆ ಎಂಆರ್‌ಎಫ್ ಹಾಕಿಕೊಡಿ’ ಅನ್ನುತ್ತಿದ್ದರು. ಕಂಪನಿ ಸಚಿನ್‌ಗೆ ದುಡ್ಡು ಕೊಟ್ಟು ಅಂಟಿಸಿದ ಹೆಸರನ್ನು ನಮ್ಮೂರ ಹುಡುಗ ತಾನೇ ದುಡ್ಡು ಕೊಟ್ಟು ಅಂಟಿಸಿಕೊಂಡು ಹೋದ. ಕೋಟಿ ಕೊಡುವುದು ಇದಕ್ಕೆ.

ಲೂಯಿ ವಿಟಾನ್ ಬ್ಯಾಗ್ ಮಾರೋರಿಗೂ ಕಾರ್ ರೇಸಿಗೂ ಎಲ್ಲಿಂದೆಲ್ಲಿಯ ಸಂಬಂಧ? ನೋಡೋರಲ್ಲಿ ಸಾವಿರಕ್ಕೊಬ್ಬನೂ ಆ ಬ್ಯಾಗ್ ತಗೊಳಲ್ಲ.

ತಗೊಳ್ಳದವರು ನೋಡಲಿ ಅಂತಲೇ ಅವರು ದುಡ್ಡು ಹಾಕುವುದು. ಬೆಂಜ್ ತಂದ ಪ್ಲಾಂಟರ್‌ಗೆ, ಗೇಟು ತೆಗೆಯುವವನಿಂದ ಹಿಡಿದು ಲೈನ್ ಮನೆಯ ಮಕ್ಕಳವರೆಗೆ ಎಲ್ಲರಿಗೂ ಅದು ಬೆಂಜ್ ಅಂತ ಗೊತ್ತಾದರೆ ತಾನೆ ತಂದದ್ದಕ್ಕೆ ಸಾರ್ಥಕ? ಕೊಳ್ಳುವವರು ನೂರು ಜನ, ಅದರ ಬೆಲೆ ಬಲ್ಲವರು ನೂರು ಕೋಟಿ ಜನ. ಐಷಾರಾಮಿ ವಸ್ತುವಿನ ವ್ಯಾಪಾರ ನಿಂತಿರುವುದೇ ಈ ಅಂತರದ ಮೇಲೆ.

ಲೂಯಿ ವಿಟಾನ್, ಮೊಯೆ ಶಾಂಪೇನ್, ಟ್ಯಾಗ್ ಹೊಯರ್ ಗಡಿಯಾರ ಮೂರೂ ಎಲ್‌ವಿಎಂಎಚ್ ಎಂಬ ಒಂದೇ ಫ್ರೆಂಚ್ ಸಮೂಹದವು. ಆ ಸಮೂಹ 2024ರ ಅಕ್ಟೋಬರಿನಲ್ಲಿ ಫಾರ್ಮುಲಾ ಒನ್ ಜೊತೆ ಹತ್ತು ವರ್ಷದ ಒಪ್ಪಂದ ಪ್ರಕಟಿಸಿತು, 2025ರಿಂದ ಜಾರಿ. ಗೆದ್ದ ಕಪ್ ಬರುವುದು ಲೂಯಿ ವಿಟಾನ್ ಪೆಟ್ಟಿಗೆಯಲ್ಲಿ, ವೇದಿಕೆಯ ಮೇಲೆ ಚಿಮ್ಮುವುದು ಮೊಯೆ. ಅಲ್ಲಿಯವರೆಗೆ, ಅಂದರೆ 2013ರಿಂದ, ಗಡಿಯಾರದ ಜಾಗದಲ್ಲಿ ರೋಲೆಕ್ಸ್ ಕೂತಿತ್ತು.

ಇನ್ನೊಂದು ಕಾರಣ ಟಿವಿಯಲ್ಲಿ ಕಾಣುವುದಿಲ್ಲ. ಪಿಟ್‌ನ (ರೇಸಿನ ನಡುವೆ ಕಾರು ಬಂದು ಟೈರ್ ಬದಲಿಸುವ ಜಾಗ) ಮೇಲ್ಗಡೆ ಪ್ಯಾಡಕ್ ಕ್ಲಬ್ ಅಂತ ಒಂದು ಜಾಗ. ಊಟ, ಉಪಚಾರ, ನಡುವೆ ಡ್ರೈವರ್ ಬಂದು ಕೈಕುಲುಕಿ ಹೋಗುತ್ತಾನೆ. ಬ್ರ್ಯಾಂಡಿನವರು ತಮ್ಮ ದೊಡ್ಡ ಗಿರಾಕಿಗಳನ್ನು ಅಲ್ಲಿ ತಂದು ಕೂರಿಸುತ್ತಾರೆ. ಅಂಗಡಿಯ ಕೌಂಟರಿನಲ್ಲಿ ಐದು ನಿಮಿಷ ನಿಲ್ಲದ ಮನುಷ್ಯ ಅಲ್ಲಿ ಮೂರು ದಿನ ಜೊತೆಗಿರುತ್ತಾನೆ. ನನ್ನ ಲೆಕ್ಕದಲ್ಲಿ ಸ್ಟಿಕ್ಕರ್ ಬರೀ ರಸೀದಿ. ಮಾರಾಟ ಆಗುವ ಸರಕು ಈ ಸಂಗ.

ಮೊದಲೆಲ್ಲ ಸಿಗರೇಟಿನ ಹೆಸರೇ ಇರ್ತಿತ್ತು. ಅವೆಲ್ಲ ಎಲ್ಲಿ ಹೋದವು?

ಅದಕ್ಕೂ ಮೊದಲು ಯಾರ ಹೆಸರೂ ಇರಲಿಲ್ಲ. ಇಟಲಿಯವರದು ಕೆಂಪು, ಇಂಗ್ಲೆಂಡಿನವರದು ಹಸಿರು, ಫ್ರಾನ್ಸಿನವರದು ನೀಲಿ, ಜರ್ಮನಿಯವರದು ಬೆಳ್ಳಿ, ಹೀಗೆ ದೇಶಕ್ಕೊಂದು ಬಣ್ಣ. 1968ರಲ್ಲಿ ನಿಯಮ ಸಡಿಲವಾಯಿತು. ಲೋಟಸ್ ತಂಡದ ಕಾಲಿನ್ ಚಾಪ್ಮನ್ ಕಾರಿನ ಹಸಿರು ಕೆರೆದು ಗೋಲ್ಡ್ ಲೀಫ್ ಸಿಗರೇಟು ಪ್ಯಾಕಿನ ಕೆಂಪು, ಬಿಳಿ, ಬಂಗಾರದ ಬಣ್ಣ ಬಳಿದ. ಟಿವಿಯಲ್ಲಿ ಸಿಗರೇಟು ಜಾಹೀರಾತು ಒಂದೊಂದು ದೇಶದಲ್ಲೇ ನಿಲ್ಲುತ್ತಿದ್ದ ಕಾಲ ಅದು. ದುಡ್ಡಿರುವ ಕಂಪನಿಗಳಿಗೆ ಓಡಾಡುವ ಬೋರ್ಡು ಸಿಕ್ಕಿತು. ಮಾರ್ಲ್‌ಬೊರೊ 1974ರಿಂದ 1996ರವರೆಗೆ ಮೆಕ್ಲಾರೆನ್ ತಂಡದ ಕಾರಿನ ಮೇಲಿತ್ತು, ಆಮೇಲೆ ಫೆರಾರಿಯ ಮುಖ್ಯ ಹೆಸರಾಯಿತು.

2005ರಲ್ಲಿ ಯೂರೋಪಿನ ನಿಷೇಧ ಜಾರಿಗೆ ಬಂದ ಮೇಲೆ ಒಂದೊಂದೇ ಜಾಗ ಖಾಲಿಯಾಯಿತು. ಫೆರಾರಿ ಮೇಲೆ ಸಿಗರೇಟಿನ ಹೆಸರಿನ ಬದಲು ಬಾರ್‌ಕೋಡ್ ಥರದ ಗೆರೆಗಳು ಉಳಿದವು. ಅದೂ ಕದ್ದುಮುಚ್ಚಿ ಮಾಡುವ ಜಾಹೀರಾತೇ ಅಂತ ಗಲಾಟೆಯಾಗಿ 2010ರಲ್ಲಿ ತೆಗೆದರು. ಖಾಲಿ ಜಾಗಕ್ಕೆ ಬ್ಯಾಂಕು, ಫೋನು, ಈಗ ಸಾಫ್ಟ್‌ವೇರ್ ಬಂದಿದೆ.

ಎಲ್ಲಾ ಬಿಟ್ಟು ವಾಚ್ ಕಂಪನಿಗಳೇ ಯಾಕೆ ಮುಗಿಬೀಳ್ತಾವೆ?

ಸಮಯವೇ ಆಟದ ತೀರ್ಪುಗಾರ ಆಗಿರುವಾಗ ಗಡಿಯಾರದವನಿಗೆ ಬೇರೆ ನೆಪ ಬೇಕೆ? 1969ರಲ್ಲೇ ಸ್ವಿಸ್ ಡ್ರೈವರ್ ಜೋ ಸಿಫರ್ಟ್ ಹೊಯರ್ ಕಂಪನಿಯ ಲಾಂಛನ ಹಾಕಿಕೊಂಡು ಓಡಿಸಿದ. ಆದರೆ ಒಳ್ಳೆಯ ಕಥೆ ಟ್ಯಾಗ್‌ನದ್ದು. ಮನ್ಸೂರ್ ಓಜೆ ಅವರ ಟ್ಯಾಗ್ ಕಂಪನಿ ಮೊದಲು ವಿಲಿಯಮ್ಸ್ ತಂಡದ ಪ್ರಾಯೋಜಕ. ಆಮೇಲೆ ಮೆಕ್ಲಾರೆನ್‌ಗೆ ಬಂದು, ಪೋರ್ಷೆಯಿಂದ ಟರ್ಬೊ ಎಂಜಿನ್ ಮಾಡಿಸಲು ದುಡ್ಡು ಸುರಿಯಿತು. ಆ ಎಂಜಿನ್ನಿನಲ್ಲಿ 1984ರಲ್ಲಿ ಲೌಡಾ, 1985 ಮತ್ತು 1986ರಲ್ಲಿ ಪ್ರಾಸ್ಟ್ ವಿಶ್ವ ಚಾಂಪಿಯನ್. 1985ರಲ್ಲಿ ಅದೇ ಟ್ಯಾಗ್ ಹೊಯರ್ ಗಡಿಯಾರ ಕಂಪನಿಯನ್ನು ಕೊಂಡಿತು, ಟ್ಯಾಗ್ ಹೊಯರ್ ಹುಟ್ಟಿತು. 1999ರಲ್ಲಿ ಅದನ್ನು ಎಲ್‌ವಿಎಂಎಚ್ ಕೊಂಡಿತು. ಸ್ಟಿಕ್ಕರ್ ಅಂಟಿಸಲು ಬಂದವರು ಎಂಜಿನ್ನಿಗೆ ಕೈಹಾಕಿ, ಕೊನೆಗೆ ಗಡಿಯಾರ ಕಾರ್ಖಾನೆಯನ್ನೇ ಕೊಂಡುಕೊಂಡು ಹೋದದ್ದು ನೋಡಿ.

## ತಂಡದ ಲೆಕ್ಕಪುಸ್ತಕ

ಗೆದ್ದ ಬಹುಮಾನದಲ್ಲೇ ಟೀಮು ನಡೆಯಲ್ವಾ?

ಬಹುಮಾನ ಅನ್ನುವುದಕ್ಕಿಂತ ಪಾಲು ಅನ್ನುವುದು ಸರಿ. ಟಿವಿ ಹಕ್ಕು, ರೇಸ್ ನಡೆಸುವ ಊರುಗಳು ಕೊಡುವ ಶುಲ್ಕ, ಇಡೀ ಪಂದ್ಯಾವಳಿಯ ಪ್ರಾಯೋಜಕರು, ಎಲ್ಲ ಸೇರಿ 2024ರಲ್ಲಿ ಫಾರ್ಮುಲಾ ಒನ್ ಆದಾಯ ಸುಮಾರು 3.4 ಬಿಲಿಯನ್ ಡಾಲರ್. ಅದರಲ್ಲಿ ಹತ್ತು ತಂಡಗಳಿಗೆ ಹಂಚಿದ್ದು ಸುಮಾರು 1.27 ಬಿಲಿಯನ್. ಇದರ ಮೇಲೆ ತಂಡ ತಾನೇ ಹುಡುಕಿಕೊಂಡ ಪ್ರಾಯೋಜಕರ ದುಡ್ಡು, ಟೀ ಶರ್ಟು ಟೋಪಿ ಮಾರಾಟ, ಕಾರು ಕಂಪನಿಯದೇ ತಂಡವಾದರೆ ಮನೆಯ ದುಡ್ಡು. ಹಿಂದಿನ ಸಾಲಿನ ತಂಡಗಳಲ್ಲಿ ಡ್ರೈವರೇ ದುಡ್ಡು ತರುವುದೂ ಉಂಟು. ಪಾಸ್ಟರ್ ಮಾಲ್ಡೊನಾಡೊ ಹಿಂದೆ ವೆನೆಜುವೆಲಾದ ಸರ್ಕಾರಿ ತೈಲ ಕಂಪನಿ ಇತ್ತು. ಜನ ನಗುತ್ತಿದ್ದರು, 2012ರಲ್ಲಿ ಅವನು ಸ್ಪೇನ್ ರೇಸನ್ನು ಗೆದ್ದೇಬಿಟ್ಟ.

ಟೈಟಲ್ ಸ್ಪಾನ್ಸರ್, ಪಾರ್ಟ್ನರ್, ಸಪ್ಲೈಯರ್, ಇವೆಲ್ಲ ಒಂದೇನಾ ಅಣ್ಣ?

ಮದುವೆ ಕಾಗದದಲ್ಲಿ ‘ಆಹ್ವಾನಿಸುವವರು’ ಬೇರೆ, ‘ಸುಖಾಗಮನ ಬಯಸುವವರು’ ಬೇರೆ ಅಲ್ಲವೆ, ಹಾಗೆ. ಟೈಟಲ್ ಅಂದರೆ ತಂಡದ ಹೆಸರಿಗೇ ಅವರ ಹೆಸರು ಸೇರುತ್ತದೆ. ಮಲೇಷ್ಯಾದ ಪೆಟ್ರೊನಾಸ್ 2010ರಿಂದ ಮರ್ಸಿಡಿಸ್ ಜೊತೆ ಹಾಗಿದೆ, ಫೆರಾರಿಗೆ 2024ರಿಂದ ಎಚ್‌ಪಿ ಸೇರಿದೆ. ಪಾರ್ಟ್ನರ್‌ಗೆ ಕಾರಿನ ಮೇಲೆ ಒಂದು ಜಾಗ, ಇಂತಿಷ್ಟು ಅತಿಥಿ ಪಾಸು, ಡ್ರೈವರ್ ಬಂದು ಶೂಟಿಂಗಿಗೆ ನಿಲ್ಲುವ ಇಂತಿಷ್ಟು ದಿನ. ಸಪ್ಲೈಯರ್ ದುಡ್ಡಿನ ಬದಲು ಸಾಮಾನು ಕೊಡುತ್ತಾನೆ. ಮೂವರಿಗೂ ಬಹುಮಟ್ಟಿಗೆ ಒಂದೇ ಷರತ್ತು: ತನ್ನ ಬಾಬತ್ತಿನಲ್ಲಿ ಇನ್ನೊಬ್ಬ ಬರಕೂಡದು. ಒಂದೇ ಕಾರಿನ ಮೇಲೆ ಎರಡು ಗಡಿಯಾರ ಕಾಣದಿರುವುದು ಅದಕ್ಕೇ.

ಖರ್ಚಿಗೆ ಮಿತಿ ಹಾಕಿದಾರಂತೆ. ಮಿತಿ ಇದ್ದ ಮೇಲೆ ಇನ್ನಷ್ಟು ಸ್ಪಾನ್ಸರ್ ಯಾಕೆ ಬೇಕು?

ಒಳ್ಳೆಯ ಪ್ರಶ್ನೆ. ಕೇಳಿದ್ದು ಹಾಸನದ ಒಬ್ಬ ಬಿಕಾಂ ಹುಡುಗಿ.

2021ರಲ್ಲಿ ಒಂದೊಂದು ತಂಡಕ್ಕೂ ವರ್ಷಕ್ಕೆ 145 ಮಿಲಿಯನ್ ಡಾಲರ್ ಮಿತಿ ಬಂತು, ಆಗಿನ ಲೆಕ್ಕಕ್ಕೆ ಸಾವಿರ ಕೋಟಿ ರೂಪಾಯಿಯ ಆಸುಪಾಸು. ಮುಂದಿನ ಎರಡು ವರ್ಷ ಐದೈದು ಮಿಲಿಯನ್ ಇಳಿಯಿತು. 2026ಕ್ಕೆ ಲೆಕ್ಕದೊಳಗೆ ಬರುವ ಬಾಬತ್ತುಗಳನ್ನು ಹೆಚ್ಚಿಸಿ 215 ಮಿಲಿಯನ್ ಮಾಡಿದರು. ಆದರೆ ಡ್ರೈವರ್ ಸಂಬಳ, ಅತಿ ಹೆಚ್ಚು ಸಂಬಳದ ಮೂವರ ಸಂಬಳ, ಮಾರ್ಕೆಟಿಂಗ್ ಖರ್ಚು ಮಿತಿಯ ಹೊರಗೆ. ಮೊದಲು ನೂರು ಬಂದರೆ ನೂರಿಪ್ಪತ್ತು ಕಾರಿಗೇ ಸುರಿಯುತ್ತಿದ್ದರು. ಈಗ ಸುರಿಯುವ ಹಾಗಿಲ್ಲ, ಆದ್ದರಿಂದ ಮೇಲೆ ಬಂದದ್ದು ಉಳಿಯುತ್ತದೆ. ಮುಳುಗುವ ದೋಣಿಯಾಗಿದ್ದ ಧಂದೆ ಇದರಿಂದ ಆಸ್ತಿಯಾಯಿತು. ಮೆಕ್ಲಾರೆನ್ 2020ರ ಕೊನೆಗೆ ಕೈಖಾಲಿಯಾಗಿ ಮೂರನೇ ಒಂದು ಭಾಗದವರೆಗೆ ಪಾಲು ಮಾರಲು ಒಪ್ಪಿದಾಗ ಇಡೀ ತಂಡಕ್ಕೆ ಕಟ್ಟಿದ ಬೆಲೆ 560 ಮಿಲಿಯನ್ ಪೌಂಡ್. 2025ರ ವ್ಯವಹಾರದಲ್ಲಿ ಅದೇ ತಂಡಕ್ಕೆ ಮೂರು ಬಿಲಿಯನ್ ಪೌಂಡಿಗೂ ಮೇಲೆ ಕಟ್ಟಿದರು ಅಂತ ವರದಿಯಾಯಿತು. 2019ರಲ್ಲಿ ಶುರುವಾದ ನೆಟ್‌ಫ್ಲಿಕ್ಸ್ ಸರಣಿ ಹೊಸ ನೋಡುಗರನ್ನು ತಂದದ್ದೂ ಇದಕ್ಕೆ ಕಾರಣ.

ಮಿತಿ ದಾಟಿದರೆ? 2021ರ ಲೆಕ್ಕದಲ್ಲಿ ದಾಟಿದ ರೆಡ್ ಬುಲ್‌ಗೆ 7 ಮಿಲಿಯನ್ ಡಾಲರ್ ದಂಡ ಬಿತ್ತು, ಕಾರಿನ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅಂತ ನೋಡುವ ಗಾಳಿ ಸುರಂಗದ ಪರೀಕ್ಷೆಯ ಸಮಯದಲ್ಲೂ ಹತ್ತು ಪರ್ಸೆಂಟ್ ಕಡಿತವಾಯಿತು. ಆ ಕಡಿತವೇ ಹೆಚ್ಚು ನೋವಿನದು ಅಂತ ನನ್ನ ಅನಿಸಿಕೆ.

ಸ್ಪಾನ್ಸರ್ ಕೈಕೊಟ್ಟರೆ ಏನ್ಮಾಡ್ತಾರೆ?

ಸ್ಟಿಕ್ಕರ್ ಕೀಳುತ್ತಾರೆ, ಇನ್ನೇನು. ಹಾಸ್ ತಂಡ 2019ರಲ್ಲಿ ಒಂದು ಎನರ್ಜಿ ಡ್ರಿಂಕ್ ಕಂಪನಿಯ ಹೆಸರನ್ನು ಮುಂದಿಟ್ಟುಕೊಂಡು ಬಂತು, ಸೆಪ್ಟೆಂಬರ್ ಹೊತ್ತಿಗೆ ಸಂಬಂಧ ಮುರಿದಿತ್ತು. 2022ರಲ್ಲಿ ರಷ್ಯಾ ಉಕ್ರೇನಿಗೆ ನುಗ್ಗಿದಾಗ ಅದೇ ತಂಡ ರಷ್ಯನ್ ಗೊಬ್ಬರದ ಕಂಪನಿ ಉರಾಲ್‌ಕಾಲಿಯ ಹೆಸರು ತೆಗೆಯಿತು. ಅದೇ ವರ್ಷ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ಕಂಪನಿ ಕುಸಿದಾಗ ಮರ್ಸಿಡಿಸ್ ಬ್ರೆಜಿಲ್ ರೇಸಿಗೆ ಮುಂಚೆಯೇ ಲಾಂಛನ ಕಿತ್ತಿತು. ಉಲ್ಟಾನೂ ಆಗುತ್ತದೆ: ರೆನೊ ತಂಡ ಸಿಂಗಪುರದಲ್ಲಿ ಬೇಕಂತಲೇ ತನ್ನದೇ ಕಾರು ಗುದ್ದಿಸಿದ ಹಗರಣ 2009ರಲ್ಲಿ ಹೊರಬಿದ್ದಾಗ ಐಎನ್‌ಜಿ ಬ್ಯಾಂಕ್ ಆ ತಂಡವನ್ನು ಸೀಸನ್ ನಡುವೆಯೇ ಬಿಟ್ಟು ಹೋಯಿತು.

ಹೆಚ್ಚು ಪ್ರಾಯೋಜಕರಿಲ್ಲದೆ ಗೆದ್ದವರೂ ಇದ್ದಾರೆ. ಹೋಂಡಾ ಬಿಟ್ಟುಹೋದ ತಂಡವನ್ನು ರಾಸ್ ಬ್ರಾನ್ ಒಂದು ಪೌಂಡಿಗೆ ಕೊಂಡು, 2009ರಲ್ಲಿ ಹೆಚ್ಚುಕಮ್ಮಿ ಬೋಳು ಬಿಳಿ ಕಾರಿನಲ್ಲಿ ಡ್ರೈವರ್ ಮತ್ತು ತಂಡ ಎರಡೂ ಪ್ರಶಸ್ತಿ ಹೊಡೆದರು. ಆ ಕಾರಿನ ಫೋಟೊ ನನ್ನ ಅಂಗಡಿಯಲ್ಲಿದೆ. ಸ್ಟಿಕ್ಕರ್ ಅಂಗಡಿಯಲ್ಲಿ ಯಾಕೆ ಅಂತ ಕೇಳಬೇಡಿ.

ಕಾರಿನ ಮೂತಿಗೆ ವಜ್ರ ಕೂರಿಸಿದ್ದರಂತೆ, ನಿಜವಾ?

ನಿಜ. 2004ರ ಮೊನಾಕೊ. ಜಾಗ್ವಾರ್ ತಂಡ ಒಂದು ಸಿನಿಮಾ ಪ್ರಚಾರಕ್ಕೆ, ಸ್ಟೈನ್‌ಮೆಟ್ಸ್ ವಜ್ರದ ಕಂಪನಿ ಜೊತೆ ಸೇರಿ, ಎರಡೂ ಕಾರಿನ ಮೂತಿಗೆ ಒಂದೊಂದು ವಜ್ರ ಕೂರಿಸಿತು. ಮೊದಲ ಸುತ್ತಿನಲ್ಲೇ ಕ್ರಿಶ್ಚಿಯನ್ ಕ್ಲೀನ್ ತಡೆಗೋಡೆಗೆ ಗುದ್ದಿದ. ಕಾರು ವಾಪಸ್ ಬರುವ ಹೊತ್ತಿಗೆ ವಜ್ರ ಇರಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಪ್ರಚಾರ ಮಾತ್ರ ದುಡ್ಡಿಗಿಂತ ಹೆಚ್ಚೇ ಸಿಕ್ಕಿತು: ಇಪ್ಪತ್ತು ವರ್ಷ ಆದ ಮೇಲೂ ಚಿಕ್ಕಮಗಳೂರಿನಲ್ಲಿ ನೀವು ಕೇಳುತ್ತಿದ್ದೀರಲ್ಲ.

## ಭಾರತ ಮತ್ತು ನಮ್ಮೂರು

ಮಲ್ಯ ಅವರ ಟೀಮು ಚೆನ್ನಾಗೇ ಓಡ್ತಿತ್ತಲ್ಲ, ಏನಾಯ್ತು?

2007ರಲ್ಲಿ ಸ್ಪೈಕರ್ ತಂಡವನ್ನು 88 ಮಿಲಿಯನ್ ಯೂರೊಗೆ ಕೊಂಡು ಫೋರ್ಸ್ ಇಂಡಿಯಾ ಅಂತ ಹೆಸರಿಟ್ಟರು. 2009ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವನಾಗಿ ಬಂದ. 2011ರಲ್ಲಿ ಸಹಾರಾ 100 ಮಿಲಿಯನ್ ಡಾಲರ್ ಹಾಕಿತು. ಟ್ರ್ಯಾಕ್ ಮೇಲೆ ತಂಡಕ್ಕೆ ತೊಂದರೆ ಇರಲಿಲ್ಲ. 2016, 2017 ಎರಡೂ ವರ್ಷ ನಾಲ್ಕನೇ ಸ್ಥಾನ, ಅದೂ ದೊಡ್ಡವರ ಬಜೆಟ್ಟಿನ ಸಣ್ಣ ಪಾಲಿನಲ್ಲಿ.

ತೊಂದರೆ ಇದ್ದದ್ದು ಕಾರಿನ ಮೇಲಿನ ಹೆಸರುಗಳಲ್ಲಿ. ಕಿಂಗ್‌ಫಿಷರ್, ಸಹಾರಾ, ಎರಡೂ ಮಾಲೀಕರ ಸ್ವಂತದ್ದು. ಹೊರಗಿನ ಗಿರಾಕಿ ಹೋದರೆ ಇನ್ನೊಬ್ಬ ಬರುತ್ತಾನೆ, ಮನೆಯ ಒರತೆ ಬತ್ತಿದರೆ? ಕಿಂಗ್‌ಫಿಷರ್ ವಿಮಾನ 2012ರಲ್ಲಿ ನಿಂತಿತು, ಸಹಾರಾ ಮುಖ್ಯಸ್ಥರು 2014ರಲ್ಲಿ ಜೈಲು ಸೇರಿದರು. 2017ರಲ್ಲಿ ಬಿಡಬ್ಲ್ಯೂಟಿ ಎಂಬ ಆಸ್ಟ್ರಿಯಾದ ನೀರು ಶುದ್ಧೀಕರಣ ಕಂಪನಿ ಬಂದು ಇಡೀ ಕಾರು ಗುಲಾಬಿ ಬಣ್ಣವಾಯಿತು, ಆದರೂ ಸಾಲಲಿಲ್ಲ. 2018ರ ಜುಲೈನಲ್ಲಿ, ತಂಡದಿಂದ ದುಡ್ಡು ಬಾಕಿ ಬರಬೇಕಿದ್ದ ಡ್ರೈವರ್ ಸೆರ್ಜಿಯೊ ಪೆರೆಸ್ ಕೋರ್ಟಿಗೆ ಹೋಗಿ, ತಂಡ ದಿವಾಳಿ ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಕೊಂಡದ್ದು ಲಾರೆನ್ಸ್ ಸ್ಟ್ರೋಲ್ ಬಳಗ. 2021ರಿಂದ ಅದೇ ಕಾರ್ಖಾನೆ ಆಸ್ಟನ್ ಮಾರ್ಟಿನ್, ಹಸಿರು ಬಣ್ಣ.

ದೆಹಲಿ ಹತ್ರ ಮಾಡ್ತಿದ್ದ ರೇಸ್ ಯಾಕೆ ನಿಂತೋಯ್ತು?

ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರೇ ಸಲ ನಡೆಯಿತು. ಏರ್‌ಟೆಲ್ ಹೆಸರು ಹೊತ್ತಿತ್ತು, ಮೂರೂ ಸಲ ವೆಟೆಲ್ ಗೆದ್ದ. ಆಮೇಲೆ ತೆರಿಗೆ ಜಗಳ. ಉತ್ತರ ಪ್ರದೇಶ ಸರ್ಕಾರ ಇದು ಮನರಂಜನೆ, ತೆರಿಗೆ ಕಟ್ಟಿ ಅಂದಿತು. ಫಾರ್ಮುಲಾ ಒನ್ ಕಂಪನಿಗೆ ಆ ಸರ್ಕ್ಯೂಟಿನಲ್ಲಿ ಕಾಯಂ ನೆಲೆ ಇತ್ತು, ಆದ್ದರಿಂದ ಇಲ್ಲಿನ ಗಳಿಕೆಗೆ ಇಲ್ಲೇ ತೆರಿಗೆ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ನನ್ ತಮ್ಮ ರ‍್ಯಾಲಿ ಓಡಿಸ್ತಾನೆ. ಸ್ಪಾನ್ಸರ್ ಹತ್ರ ಹೋಗಿ ಏನಂತ ಕೇಳೋದು?

‘ಏನಾದ್ರೂ ಸಹಾಯ ಮಾಡಿ ಸಾರ್’ ಅಂತ ಮಾತ್ರ ಕೇಳಬೇಡಿ. ಅದು ಗಣಪತಿ ಚಂದಾ. ಒಂದು ಸಲ ಕೊಡುತ್ತಾರೆ, ಮರುವರ್ಷ ನಿಮ್ಮನ್ನು ಕಂಡರೆ ಫೋನ್ ಕಿವಿಗಿಟ್ಟುಕೊಂಡು ಆಚೆ ಹೋಗುತ್ತಾರೆ.

ನಮ್ಮ ಜಿಲ್ಲೆಗೆ ರ‍್ಯಾಲಿ ಹೊಸದಲ್ಲ. ತೋಟದ ಮಣ್ಣುರಸ್ತೆಗಳಲ್ಲೇ ರಾಷ್ಟ್ರೀಯ ಸುತ್ತು, ಏಷ್ಯಾ ಪೆಸಿಫಿಕ್ ಸುತ್ತು ನಡೆದಿವೆ, ಇಲ್ಲೇ ಹುಟ್ಟಿದ ಕಾಫಿ ಡೇ ಹೆಸರು ಹೊತ್ತುಕೊಂಡು. ಎಂಆರ್‌ಎಫ್ ತಂಡದ ಗೌರವ್ ಗಿಲ್ 2013, 2016, 2017ರಲ್ಲಿ ಆ ಏಷ್ಯಾ ಪೆಸಿಫಿಕ್ ಚಾಂಪಿಯನ್. ಅಂದರೆ ಇಲ್ಲಿನ ವ್ಯಾಪಾರಿಗಳಿಗೆ ರ‍್ಯಾಲಿ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಅವರ ಅಂಗಡಿಗೆ ಏನು ಬರುತ್ತದೆ ಅಂತ ಮಾತ್ರ ಹೇಳಬೇಕು.

ಟೈರ್ ಅಂಗಡಿಯವರ ಹತ್ತಿರ ಹೋದರೆ, ರ‍್ಯಾಲಿ ಮುಗಿದ ಮಾರನೇ ಶನಿವಾರ ಕೆಸರು ತೊಳೆಯದ ಕಾರನ್ನು ಅಂಗಡಿ ಮುಂದೆ ನಿಲ್ಲಿಸಿ, ತಮ್ಮನನ್ನು ದಿನವಿಡೀ ಅಲ್ಲೇ ಕೂರಿಸುತ್ತೇನೆ ಅನ್ನಿ. ಗ್ಯಾರೇಜಿನವರಾದರೆ, ಸರ್ವಿಸ್ ಪಾರ್ಕಿನಲ್ಲಿ (ನಡುವೆ ಕಾರು ರಿಪೇರಿ ಮಾಡುವ ಜಾಗ) ಅವರ ಹುಡುಗರು ಕೆಲಸ ಮಾಡುವ ವಿಡಿಯೊ ತೆಗೆದುಕೊಡಿ. ಎಷ್ಟು ದುಡ್ಡು, ಎಷ್ಟು ಕಂತು, ರ‍್ಯಾಲಿ ರದ್ದಾದರೆ ಏನು, ಕಾರು ಮೊದಲ ಸ್ಟೇಜಿನಲ್ಲೇ (ಟೈಮ್ ಹಿಡಿದು ಓಡಿಸುವ ರಸ್ತೆ ತುಂಡು) ಗುಂಡಿಗೆ ಬಿದ್ದರೆ ಏನು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬಾಯಿಮಾತು ನಂಬಿ ನಾನೇ ಕೆಟ್ಟಿದ್ದೇನೆ. ಒಂದು ಕಂಪನಿಯವರು ಎರಡು ಕಾರಿಗೆ ಪೂರ್ತಿ ಸ್ಟಿಕ್ಕರ್ ಮಾಡಿಸಿ, ‘ಕೆಂಪು ನಮ್ಮ ಕೆಂಪಲ್ಲ’ ಅಂತ ಬಿಲ್ ಅರ್ಧಕ್ಕೆ ಇಳಿಸಿದರು. ಲಾಂಛನ ಕಳಿಸಿದ್ದು ವಾಟ್ಸ್ಯಾಪ್ ಫೋಟೊದಲ್ಲಿ, ಬಣ್ಣದ ನಂಬರ್ ಕೊಟ್ಟೇ ಇರಲಿಲ್ಲ. ಈಗ ನಾನು ಮೂಲ ಫೈಲ್ ಇಲ್ಲದೆ ಕತ್ತರಿ ಮುಟ್ಟುವುದಿಲ್ಲ.

ಹೆಸರು ಕಾರಿನ ಯಾವ ಜಾಗದಲ್ಲಿದ್ರೆ ಒಳ್ಳೇದು?

ಎಲ್ಲರೂ ಬಾಗಿಲೇ ಬೇಕು ಅನ್ನುತ್ತಾರೆ. ಮುಂದಿನ ಬಾಗಿಲಲ್ಲಿ ಸ್ಪರ್ಧೆಯ ನಂಬರ್ ಪಟ್ಟಿ, ಆಯೋಜಕರ ಜಾಹೀರಾತು ಕೂರುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಉಳಿದ ಕೆಳಭಾಗ ಮಳೆ ಬಂದ ದಿನ ಎರಡನೇ ತಿರುವಿಗೇ ಕೆಂಪು ಮಣ್ಣು ಮೆತ್ತಿ ಮಾಯ. ನನ್ನ ಅನುಭವದಲ್ಲಿ ಬಾನೆಟ್ಟು, ಹಿಂದಿನ ಪಕ್ಕದ ಮೇಲರ್ಧ, ಈಗ ಡ್ರೋನ್ ಬಂದ ಮೇಲೆ ಟಾಪು. ಅಕ್ಷರ ಕಮ್ಮಿ, ದಪ್ಪ. ಫೋನ್ ನಂಬರ್ ಹಾಕಿಸಬೇಡಿ. ನೂರು ಸ್ಪೀಡಲ್ಲಿ ಹೋಗುವ ಕಾರಿನಿಂದ ಯಾರೂ ನಂಬರ್ ಬರೆದುಕೊಳ್ಳುವುದಿಲ್ಲ.

## ಸ್ವಲ್ಪ ಮೇಲಿನವು

ಕಂಪನಿಯ ಸಿಎಸ್‌ಆರ್ ದುಡ್ಡಲ್ಲಿ ಕೊಡಿಸಬಹುದಾ?

ಸಿಎಸ್‌ಆರ್ ಅಂದರೆ ಕಂಪನಿ ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ದುಡ್ಡು. ಕಾರಿನ ಮೇಲೆ ಹೆಸರು ಬೇಕಾದರೆ ಅದರಲ್ಲಿ ಆಗುವುದಿಲ್ಲ. 2013ರ ಕಂಪನಿ ಕಾಯ್ದೆಯ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರಮಾನ್ಯ ಕ್ರೀಡೆಗಳ ತರಬೇತಿ ಇದೆ ನಿಜ. ಆದರೆ ಸ್ವಂತ ಸರಕಿನ ಮಾರಾಟಕ್ಕೆ ಅನುಕೂಲವಾಗಲಿ ಅಂತ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ ಅಂತ 2021ರಲ್ಲಿ ತಿದ್ದಿದ ನಿಯಮದಲ್ಲೇ ಬರೆದಿದ್ದಾರೆ. ಜಾಹೀರಾತು ಖರ್ಚಿನಲ್ಲೇ ಕೊಡಬೇಕು. ಪ್ರಾಯೋಜಕತ್ವದ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಅದನ್ನು ಕೊಟ್ಟವರು ಕಟ್ಟಬೇಕೋ ತೆಗೆದುಕೊಂಡವರೋ ಎಂಬುದು ಇಬ್ಬರೂ ಕಂಪನಿಯೋ ಅಲ್ಲವೋ ಅನ್ನುವುದರ ಮೇಲೆ ನಿಂತಿದೆ. ಆಡಿಟರ್ ಹತ್ತಿರ ದುಡ್ಡು ಬರುವ ಮುಂಚೆ ಹೋಗಿ.

ನಮ್ದು ಸ್ವಂತ ತೋಟದ ಅರೇಬಿಕಾ, ಪ್ಯಾಕೆಟ್ ಮಾಡಿ ದುಬಾರಿಗೇ ಮಾರ್ತೀವಿ. ರ‍್ಯಾಲಿ ಕಾರಿಗೆ ಹೆಸರು ಹಾಕಿಸಿದ್ರೆ ಉಪಯೋಗ ಇದೆಯಾ?

ನನಗೆ ಒಂದು ಸ್ಟಿಕ್ಕರ್ ವ್ಯಾಪಾರ ತಪ್ಪುತ್ತದೆ, ಆದರೂ ಹೇಳುತ್ತೇನೆ: ಬೇಡ. ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ 2019ರಲ್ಲೇ ಜಿಐ ಗುರುತು, ಅಂದರೆ ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿದೆ. ಊರಿನ ಹೆಸರೇ ನಿಮ್ಮ ಲಾಂಛನ. ದುಬಾರಿ ಕಾಫಿ ಕೊಳ್ಳುವ ಬೆಂಗಳೂರಿನ ನಾಲ್ಕು ಕೆಫೆಯವರನ್ನು ರ‍್ಯಾಲಿ ದಿನ ಕರೆಸಿ. ಸ್ಟೇಜು ನಿಮ್ಮ ತೋಟದ ರಸ್ತೆಯಲ್ಲೇ ಹೋಗುವುದಾದರೆ ಅದಕ್ಕಿಂತ ಅದೃಷ್ಟ ಬೇಡ. ದಾರಿ ಕಾಯುವ ಮಾರ್ಷಲ್ ಹೇಳಿದ ಜಾಗದಲ್ಲಿ, ತಿರುವಿನಿಂದ ದೂರ, ಎತ್ತರದ ದಿಣ್ಣೆಯ ಮೇಲೆ ನಾಲ್ಕು ಕುರ್ಚಿ ಹಾಕಿ. ಅಕ್ಕಿರೊಟ್ಟಿ, ಕಳಲೆ ಪಲ್ಯ, ನಿಮ್ಮದೇ ಕಾಫಿ. ಎರಡು ಕಾರುಗಳ ನಡುವಿನ ಪುರುಸೊತ್ತಿನಲ್ಲಿ ಗಿಡ ತೋರಿಸಿ, ಕಣ ತೋರಿಸಿ. ಮೊನಾಕೊದಲ್ಲಿ ಕೋಟಿ ಕೊಟ್ಟು ಕಟ್ಟುವ ಪ್ಯಾಡಕ್ ಕ್ಲಬ್ ನಿಮ್ಮ ಮನೆ ಹಿತ್ತಲಲ್ಲಿದೆ. ಸಂಜೆ ಸರ್ವಿಸ್ ಪಾರ್ಕಿಗೆ ಎರಡು ಫ್ಲಾಸ್ಕ್ ಕಳಿಸಿದರೆ ಮೆಕ್ಯಾನಿಕ್‌ಗಳೇ ಹೆಸರು ಹಬ್ಬಿಸುತ್ತಾರೆ.

ಸೀಸನ್ ಮುಗೀತು. ಸ್ಟಿಕ್ಕರ್ ಕಿತ್ರೆ ಪೇಂಟೂ ಬರ್ತಿದೆ, ಏನ್ಮಾಡ್ಲಿ?

ಚಳಿಯಲ್ಲಿ ಬೆಳಗ್ಗೆ ಬೆಳಗ್ಗೆ ಕಿತ್ತಿರುತ್ತೀರಿ. ಬಿಸಿಲು ಏರಿದ ಮೇಲೆ ಹೇರ್ ಡ್ರೈಯರ್ ಹಿಡಿದು, ಮೂಲೆಯಿಂದ ಓರೆಯಾಗಿ ನಿಧಾನಕ್ಕೆ ಎಳೆಯಿರಿ. ರೀಪೇಂಟ್ ಆದ ಜಾಗವಾದರೆ ಇನ್ನೂ ನಿಧಾನ. ಉಳಿದ ಅಂಟಿಗೆ ಬಟ್ಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ, ಆಮೇಲೆ ಶ್ಯಾಂಪೂ ನೀರು. ಸ್ಟಿಕ್ಕರ್ ಕೆಳಗಿನ ಬಣ್ಣ ಬಿಸಿಲು ಕಾಣದೆ ಗಾಢವಾಗಿ ಉಳಿದಿರುತ್ತದೆ. ರಬ್ಬಿಂಗ್ ಮಾಡಿಸದೆ ಹೊಸ ಪ್ರಾಯೋಜಕರ ಮುಂದೆ ಕಾರು ನಿಲ್ಲಿಸಿದರೆ, ಹಳೆಯವರ ಹೆಸರನ್ನು ಅವರು ಅಕ್ಷರ ಅಕ್ಷರ ಓದುತ್ತಾರೆ.